ಮೂರನೇ ಹಾಸಿಗೆಯ ಉಸಿರು

ಸಂಜೆ ಐದಕ್ಕೆ ತೀವ್ರ ನಿಗಾ ಘಟಕದ ಬಾಗಿಲು ಮುಚ್ಚಿತು. ಕಿಟಕಿಯಿಲ್ಲದ ಕೋಣೆ; ಒಳಗಿದ್ದವರು ಒಳಗೇ ಉಳಿದೆವು.

ಮೂರನೇ ಹಾಸಿಗೆಯ ದರ್ಜಿ ಪಕ್ಕೆಲುಬು ಮುರಿದುಕೊಂಡು ಬಂದವರು. ಬೆಳಗ್ಗೆ ಮಾತಾಡುತ್ತಿದ್ದವರಿಗೆ ಈಗ ನಿಮಿಷಕ್ಕೆ ಆರೇ ಉಸಿರು. ಡಾಕ್ಟರು ಮುಖಕ್ಕೆ ಮಾಸ್ಕ್ ಒತ್ತಿ ಗಾಳಿಚೀಲ ಅದುಮುತ್ತಿದ್ದರು.

"ಈ ಹುಡುಗಿ ನಿದ್ದೆ ಮದ್ದು ಜಾಸ್ತಿ ಕೊಟ್ಟಿದಾಳೆ. ಪೊಲೀಸರು ಬರೋವರೆಗೂ ಯಾರೂ ಅಲ್ಲಾಡಬೇಡಿ," ಎಂದರು.

ಕೆಲಸಕ್ಕೆ ಸೇರಿ ಎರಡೇ ತಿಂಗಳಾಗಿದ್ದ ಕಿರಿಯ ನರ್ಸ್ ಗೋಡೆಗೆ ಅಂಟಿ ನಿಂತಳು. "ನಾನಲ್ಲ ಅಜ್ಜಿ. ಜೈಲಿಗೆ ಹಾಕ್ತಾರಾ?" ಎಂದಳು, ನೆಲ ಒರೆಸುತ್ತಿದ್ದ ನನಗಷ್ಟೇ ಕೇಳುವಂತೆ.

ಆಗ ನಮ್ಮ ಹಿರಿಯ ನರ್ಸ್ ಮುಂದೆ ಬಂದರು. ರೋಗಿಯನ್ನು ನೆತ್ತಿಯಿಂದ ಹಿಮ್ಮಡಿವರೆಗೆ ಒಂದಂಗವೂ ಬಿಡದೆ ನೋಡುವ ಅವರಿಗೆ ನಿಧಾನಕ್ಕ ಎಂದೇ ಅಡ್ಡಹೆಸರು. ಅವರು ಇಂಥ ಗಂಟುಗಳನ್ನು ಬಿಡಿಸಿದ್ದನ್ನು ನಾನು ಹಿಂದೆಯೂ ಕಂಡಿದ್ದೆ.

"ಈಗಲೂ ನಿಧಾನವೇ?" ಡಾಕ್ಟರು ಕುಟುಕಿದರು.

"ನೀವು ಉಸಿರು ಕೊಡ್ತಾ ಇರಿ. ಅಜ್ಜಿ, ಟಾರ್ಚ್ ಹಿಡೀರಿ."

ಕಣ್ಣಿನ ಪಾಪೆ ಗುಂಡುಸೂಜಿ ತಲೆಯಷ್ಟಾಗಿತ್ತು. ಎದೆಯ ಎರಡೂ ಬದಿಗೆ ಗಾಳಿ ಸಮನಾಗಿ ಹೋಗುತ್ತಿತ್ತು. ನಾಡಿ ಮಂದವಾಗಿದ್ದರೂ ತಾಳ ತಪ್ಪಿರಲಿಲ್ಲ. ಹೊಟ್ಟೆಗೆ ಹೋಗುವ ಮೂಗಿನ ನಳಿಗೆ ಬೆಳಗ್ಗೆಯಿಂದ ಮುಚ್ಚಿಯೇ ಇತ್ತು. ಮೂತ್ರದ ಚೀಲ ತುಂಬುತ್ತಿತ್ತು.

"ಬೆಳಗ್ಗೆ ಇವರ ಹತ್ರ ಯಾರಿದ್ರು?"

"ನಾನೇ," ಎಂದಳು ಮಂಚದ ಪಕ್ಕ ನಿಂತಿದ್ದ ದರ್ಜಿಯ ಮಗಳು. "ಅಪ್ಪ ನರಳ್ತಿದ್ರು. ಬೆನ್ನು ಸವರ್ತಾ ಕೂತಿದ್ದೆ, ಅಷ್ಟೇ."

"ಚರ್ಮ ನೋಡಿದ್ರಾ ಡಾಕ್ಟ್ರೇ?"

"ಸರಿಯಿದೆ ಅಂತ ಬರೆದಿದೀನಲ್ಲ."

"ಬರೆದಿದೀರಿ. ಹೊರಳಿಸಿದ್ರಾ?"

ಡಾಕ್ಟರು ಗಾಳಿಚೀಲ ಅದುಮುತ್ತಲೇ ಇದ್ದರು. ಪಕ್ಕೆ ಮುರಿದವರನ್ನು ಹೊರಳಿಸಲು ನಾಲ್ಕು ಕೈ ಬೇಕು. ನಮ್ಮಲ್ಲಿ ಮುಂಭಾಗ ನೋಡಿ ಹಾಳೆ ತುಂಬುವುದೇ ರೂಢಿಯಾಗಿತ್ತು.

ಕಿರಿಯ ನರ್ಸೂ ನಾನೂ ಸೇರಿ ಹೊರಳಿಸಿದೆವು. ಹೆಗಲಮೂಳೆಗಳ ನಡುವೆ ಎರಡು ತೆಳು ಪಟ್ಟಿಗಳು ಅಂಟಿಕೊಂಡಿದ್ದವು. ನಿಧಾನಕ್ಕ ಅವನ್ನು ಕಿತ್ತು, ಜಾಗ ಒರೆಸಿ, ಅಮಲು ಇಳಿಸುವ ಮಾರುಮದ್ದು ಚುಚ್ಚಿಸಿದರು. ಉಸಿರು ಹನ್ನೆರಡಕ್ಕೇರಿತು. ಆಮೇಲೆ ಎಲ್ಲರನ್ನೂ ಮಂಚದ ಸುತ್ತ ಕರೆದರು.

"ನಿದ್ದೆ ಮದ್ದಿಗೆ ಪಾಪೆ ಇಷ್ಟು ಕಿರಿದಾಗಲ್ಲ. ಇದು ಅಫೀಮಿನ ಜಾತಿಯ ನೋವಿನ ಮದ್ದು. ಅದರ ಕಪಾಟಿನ ಕೀಲಿ ಈ ಹುಡುಗಿ ಹತ್ರ ಇಲ್ಲ, ನನ್ನ ಸೊಂಟದಲ್ಲಿದೆ. ಬಾಯಿಗೆ ಏನೂ ಕೊಡ್ತಿಲ್ಲ, ಮೂಗಿನ ನಳಿಗೆಯೂ ಮುಚ್ಚಿತ್ತು. ಉಳಿದಿದ್ದು ಚರ್ಮ. ಆ ಪಟ್ಟಿಯೊಳಗಿನ ಮದ್ದು ಚರ್ಮದಿಂದ ರಕ್ತಕ್ಕೆ ಇಳಿಯೋಕೆ ಗಂಟೆಗಟ್ಟಲೆ ಬೇಕು, ಅಂದ್ರೆ ಬೆಳಗ್ಗೆಯೇ ಅಂಟಿಸಿರಬೇಕು. ಅಂಗಾತ ಮಲಗಿದೋರ ಬೆನ್ನು ಸವರೋಕೆ ಕೈಯನ್ನ ಅಡಿಗೇ ತೂರಿಸಬೇಕು, ಅಲ್ವೇನಮ್ಮ?"

ಮಗಳು ಮಂಚದ ಕಂಬಿ ಹಿಡಿದುಕೊಂಡಳು. "ಅಮ್ಮನ ಕೊನೇ ದಿನಗಳಲ್ಲಿ ನೋವಿಗೆ ಕೊಟ್ಟಿದ್ದ ಪಟ್ಟಿ ಮನೇಲಿ ಉಳಿದಿತ್ತು. ಅಪ್ಪನ ನರಳಾಟ ಕೇಳೋಕಾಗ್ಲಿಲ್ಲ. ಇವಳ ಮೇಲೆ ಗೂಬೆ ಕೂರಿಸಿದಾಗ ಬಾಯೇ ಬರಲಿಲ್ಲ."

ಡಾಕ್ಟರು ಕಿರಿಯ ನರ್ಸ್ ಕಡೆ ತಿರುಗಿದರು. "ತಪ್ಪು ನಂದು. ಪೊಲೀಸರಿಗೆ ನಾನೇ ಹೇಳ್ತೀನಿ. ನೀನು ಮನೆಗೆ ಹೋಗಮ್ಮ."

"ನಾನು?" ಎಂದಳು ಮಗಳು.

"ನೀನು ಹೋಗೋ ಹಾಗಿಲ್ಲ," ಎಂದರು ನಿಧಾನಕ್ಕ. "ಮಾರುಮದ್ದಿನ ಬಲ ಬೇಗ ಇಳಿಯುತ್ತೆ, ಚರ್ಮದಡಿಯ ಮದ್ದು ಇನ್ನೂ ಇರುತ್ತೆ. ಮತ್ತೆ ಉಸಿರಾಡೋದು ಮರೆತಾರು."

ಕಿರಿಯ ನರ್ಸ್ ಮನೆಗೆ ಹೋಗಲಿಲ್ಲ. ಸ್ಟೂಲು ಎಳೆದು ಮಗಳನ್ನು ಕೂರಿಸಿದಳು. ಅವಳ ಅಂಗೈಯನ್ನು ಅಪ್ಪನ ಹೊಟ್ಟೆಯ ಮೇಲೆ ಹಗುರಾಗಿ ಇಟ್ಟಳು.

"ಹೊಟ್ಟೆ ಏಳೋದನ್ನ ಎಣಿಸಿ ಅಕ್ಕ. ನಿಮಿಷಕ್ಕೆ ಹತ್ತಕ್ಕಿಂತ ಕಡಿಮೆಯಾದ್ರೆ ಕರೀರಿ, ನಾನು ಇಲ್ಲೇ ಇರ್ತೀನಿ."

ಮಗಳು ಕಣ್ಣೊರೆಸಿಕೊಂಡು ಎಣಿಸಲು ಶುರುಮಾಡಿದಳು.