ಹನ್ನೆರಡೂ ಮುಗಿದ ಮೇಲೆ

“ಮೊದಲ್ನೇ ಮನೆಗೆ ತಾರಸಿ ಆಗಿದೆಯಲ್ಲ. ಅಪ್ಪನ್ನ ಅಲ್ಲಿ ಮಲಗಿಸ್ತೀನಿ. ಬೀಗದಕೈ ಕೊಡಿ.”

ಅವಳು ಮೇಸ್ತ್ರಿಯೊಡನೆ ಕಣ್ಣಲ್ಲಿ ಕಣ್ಣಿಟ್ಟು ಮಾತನಾಡಿದ್ದು ಅದೇ ಮೊದಲು.

ಅವನೇ ಕಣ್ಣು ತಪ್ಪಿಸಿದ. “ಆಗಲ್ಲ. ಹನ್ನೆರಡೂ ಮುಗಿದ ಮೇಲೇನೇ.”

“ಟಾರ್ಪಾಲಿನ ಕೆಳಗೆ ಬೇಯ್ತಿದ್ದಾರೆ... ಉಸಿರಾಡೋಕೂ ಆಗ್ತಿಲ್ಲ.”

“ಗೊತ್ತು.”

ಗೊತ್ತಿದ್ದೂ ಇಲ್ಲವೆನ್ನುತ್ತಾನಲ್ಲ... ಇವನಿಗಿರುವುದು ಎದೆಯೋ, ಕಾಂಕ್ರೀಟೋ?

ಸೂರಿಲ್ಲದ ಹನ್ನೆರಡು ಕುಟುಂಬಗಳು ಒಬ್ಬರ ಮನೆಯನ್ನು ಇನ್ನೊಬ್ಬರು ಕಟ್ಟಿಕೊಡುವ ಗುಂಪು ಅದು. ಹಿಂದೆಮುಂದೆ ಯಾರೂ ಇಲ್ಲದ ಮೇಸ್ತ್ರಿಯೂ ಅವರಲ್ಲೊಬ್ಬ. ಯಾವ ಮನೆ ಯಾರದೆಂದು ಕಡೆಯ ದಿನ ಚೀಟಿ ಎತ್ತಿದಾಗಲೇ ತಿಳಿಯುವುದು. ಹಾಗಾಗಿ ಎಲ್ಲರೂ ಎಲ್ಲ ಗೋಡೆಗಳನ್ನೂ ತಮ್ಮದೆಂದೇ ಕಟ್ಟುತ್ತಿದ್ದರು.

ಅಂದಿನಿಂದ ಅವಳು ಅವನ ಪಕ್ಕದಲ್ಲೇ ಇಟ್ಟಿಗೆ ಇಳಿಸುತ್ತಿದ್ದಳು. ಮಾತು ಮಾತ್ರ ಆಡಲಿಲ್ಲ.

“ಬಿಡೇ ಮಗಳೇ, ಆ ಮೇಸ್ತ್ರಿ ಬಾಯಿಗೂ ಗಾರೆ ಮೆತ್ಕೊಂಡಿದ್ದಾನೆ,” ಎಂದು ಪಕ್ಕದ ಗುಡಿಸಲಿನ ಅತ್ತೆ ನಗಿಸಲು ನೋಡಿದರು. ಅವಳಿಗೆ ನಗು ಬರಲಿಲ್ಲ.

ಹನ್ನೊಂದನೇ ಮನೆಗೆ ತಾರಸಿ ಬಿದ್ದ ದಿನ ಅಪ್ಪ ಹೋದರು.

ಮುಂದಿನ ತಿಂಗಳು ಚೀಟಿ ಎತ್ತಿದರು. ಅವಳಿಗೆ ನಾಲ್ಕನೇ ಮನೆ ಬಂತು. ಎಲ್ಲರೂ ಸಾಮಾನು ಹೊತ್ತು ಒಳಗೆ ಹೋದರು. ಅವಳು ಹೊಸ್ತಿಲ ಹೊರಗೇ ಕುಳಿತಳು.

ಮೇಸ್ತ್ರಿ ಬಂದು ನಿಂತ. “ಒಳಗೆ ಹೋಗಿ.”

“ಯಾರಿಗೋಸ್ಕರ?”

ಅವನು ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ ಕೈಯಲ್ಲಿ ಹಿಡಿದ.

“ನೀವು ಬೀಗದಕೈ ಕೇಳೋ ಹಿಂದಿನ ದಿನಾನೇ ನಿಮ್ಮಪ್ಪನ ಹತ್ರ ಹೋಗಿದ್ದೆ. ಎತ್ಕೊಂಡು ಹೋಗಿ ಅಲ್ಲಿ ಮಲಗಿಸ್ತೀನಿ ಅಂದೆ. ಅವರೇ ಬೇಡ ಅಂದ್ರು. ‘ಇವತ್ತು ನಾನು ಒಳಗೆ ಹೋದ್ರೆ ನಾಳೆ ಇನ್ನೊಬ್ಬ ಹೋಗ್ತಾನೆ. ಸೂರು ಸಿಕ್ಕವರು ಮತ್ತೆ ಇಟ್ಟಿಗೆ ಮುಟ್ಟಲ್ಲ, ಕೊನೆಯವರು ಬಯಲಲ್ಲೇ ಉಳೀತಾರೆ. ಮಗಳು ಕೇಳಿದ್ರೂ ಕೊಡಬೇಡಪ್ಪ... ನಾನು ಹೇಳ್ದೆ ಅಂತಾನೂ ಹೇಳಬೇಡ’ ಅಂದ್ರು.”

ಅಪ್ಪ... ಬೇಡ ಅಂದಿದ್ದು ನೀನೇನಾ?

“ನಂಗ್ಯಾಕೆ ಆಗಲೇ ಹೇಳಲಿಲ್ಲ?”

“ಹೇಳಿದ್ರೆ ಅವರ ಮೇಲೆ ಮುನಿಸ್ಕೋತಿದ್ರಿ. ಅವರಿಗೆ ಉಳಿದಿದ್ದೇ ಸ್ವಲ್ಪ ದಿನ... ನನ್ನ ಮೇಲೆ ಮುನಿಸ್ಕೊಂಡ್ರೆ ಪರವಾಗಿಲ್ಲ ಅಂದ್ಕೊಂಡೆ.”

“ನಿಮಗೇನೂ ಅನ್ನಿಸಲಿಲ್ವಾ?”

“ಅನ್ನಿಸ್ತಿತ್ತು. ನೀವು ಪಕ್ಕದಲ್ಲೇ ಇದ್ದು ಮಾತಾಡದ ಒಂದೊಂದು ದಿನಾನೂ... ನಂಗೆ ನೀವಂದ್ರೆ ಇಷ್ಟ. ಆಗಲೂ, ಈಗಲೂ.”

ತಿಂಗಳಿನಿಂದ ಬಾರದ ಅಳು ಈಗ ಬಂತು. ಅವನು ಸಮಾಧಾನ ಹೇಳಲಿಲ್ಲ. ಅಳು ಮುಗಿಯುವವರೆಗೆ ಅಲ್ಲೇ ಕುಳಿತ.

“ಒಬ್ಬಳೇ ಒಳಗೆ ಕಾಲಿಡೋಕೆ ಆಗಲ್ಲ ನಂಗೆ.”

“ನಾನು ಇಲ್ಲೇ ಇರ್ತೀನಿ. ನೀವಾಗೇ ಕರೆಯೋವರೆಗೂ.”

ಅವಳು ಎದ್ದು ಬಾಗಿಲು ದೂಡಿದಳು. ಒಳಗೆ ಹೊಸ ಸಿಮೆಂಟಿನ ವಾಸನೆ, ಬರೀ ನಾಲ್ಕು ಗೋಡೆ. ನಡುವೆ ನಿಂತು, ತಿರುಗಿ ನೋಡದೆಯೇ ಮೆಲ್ಲಗೆ ಹೇಳಿದಳು:

“ಕರೀತಿದ್ದೀನಿ... ಬಾ.”