ಷಡ್ಡಕನ ಹೊಸ್ತಿಲು

“ಈ ಗಂಟ ಹೂಳಿದ ಮ್ಯಾಲ ನೀವು ಆ ಹೊಸ್ತಿಲಾ ದಾಟಬ್ಯಾಡ್ರಿ ಸರ. ಬ್ಯಾರೆ ಮಂದೀನ ಅದು ಹೊರಗ ಹಾಕಿ ಸುಮ್ಮನಾಗತೈತಿ. ಹೂಳಿದವರು ದಾಟಿದ್ರ ಮಾತ್ರ ಬೆನ್ನ ಹತ್ತಿ ಬರತೈತಿ, ಹೋದ ಹೋದಲ್ಲಿ,” ಎಂದಳು ದುರುಗವ್ವ.

ಬೇವೂರಿನಾಚೆಯ ಆ ಗುಡಿಸಲಿನಲ್ಲಿ ಸುಟ್ಟ ಕೂದಲಿನ ನಾತ ಉಸಿರು ಕಟ್ಟಿಸುವಂತಿತ್ತು. ಪ್ರಭುರಾಜ ಮಾತ್ರ ನಕ್ಕುಬಿಟ್ಟ. “ಬೆನ್ನ ಹತ್ತಾಕ ಅದೇನ ನಾಯೇನಬೇ?”

ಐದಾರು ವರ್ಷದ ಹಿಂದೆ ಧಾರವಾಡದಿಂದ ಕೊಪ್ಪಳಕ್ಕೆ ವರ್ಗವಾಗಿ ಬಂದು ಸ್ವಂತ ಮನೆ ಮಾಡಿಕೊಂಡ ವಿಜ್ಞಾನದ ಲೆಕ್ಚರರ್ ಅವನು. ಮಾಟವನ್ನು ನಂಬದವನು ಮಾಟ ಮಾಡುವವಳ ಬಾಗಿಲಿಗೆ ಯಾಕೆ ಹೋದ ಅಂತೀರೇನು? ಹೊಟ್ಟೆಕಿಚ್ಚಿಗೆ ಹೋದ, ಇನ್ಯಾತಕ್ಕೆ! ಹೆಂಡತಿ ಶೈಲಜಾಳ ಅಕ್ಕ ಅಮೃತಾ. ಅಮೃತಾಳ ಗಂಡ ಉಮಾಪತಿ. ಪಿಯುಸಿ ಫೇಲಾಗಿ ಹಾರ್ಡ್‌ವೇರ್ ಅಂಗಡಿ ಹಾಕಿದವ. ಅಂಥವನ ಭಾಗ್ಯನಗರದ ಮನೆಗೆ ಬಾಡಿಗೆಯವರು ಸರದಿ ಹಚ್ಚುತ್ತಿದ್ದರು. ಮೂಲೆ ಸೈಟು, ಬೇಸಿಗೆಯಲ್ಲೂ ಬತ್ತದ ಬೋರು. ಕೆಳಗೆ ತಾನಿದ್ದು ಮೇಲಿನದನ್ನು ಬಾಡಿಗೆಗೆ ಕೊಟ್ಟು ಆರಾಮಾಗಿದ್ದ. ಪ್ರಭುರಾಜ ಅಗ್ಗವೆಂದು ಕುಷ್ಟಗಿ ರಸ್ತೆಯಲ್ಲಿ ಹಿಡಿದ ಸೈಟಿನಲ್ಲಿ ಜಾಲಿ ಬೆಳೆದಿತ್ತು. ಯುಗಾದಿ ಊಟಕ್ಕೆ ಕೂತಾಗ ಶೈಲಜಾ, “ಜಾಗಾ ಆರಿಸೂದು ಉಮಾಪತಿ ಮಾವಾರಿಂದ ಕಲೀಬೇಕ್ರಿ,” ಅಂದಳು. ಎಲ್ಲರೂ ನಕ್ಕರು. ಅವನು ಹೋಳಿಗೆಯನ್ನು ಅರ್ಧಕ್ಕೇ ಬಿಟ್ಟು ಎದ್ದ.

ಉಮಾಪತಿ ಹೊಸ ಹೊಸ್ತಿಲು ಕೂಡಿಸಲು ಕಲ್ಲು ಕೀಳಿಸಿದ್ದ. ಅಮಾವಾಸ್ಯೆಯ ಸಂಜೆ ಮನೆಯವರೆಲ್ಲ ಹುಲಿಗೆಮ್ಮನ ದರ್ಶನಕ್ಕೆ ಹೋಗಿದ್ದಾಗ ಪ್ರಭುರಾಜ ಹೊರಗಿನಿಂದಲೇ ಕೈ ಚಾಚಿ, ದುರುಗವ್ವ ಕೊಟ್ಟ ಕೆಂಪು ಅರಿವೆಯ ಗಂಟನ್ನು ಹಸಿ ಮಣ್ಣಿನಲ್ಲಿ ಹುಗಿದ. ಆದರೆ ಆಗಲಿ, ಹೋದರೆ ಹೋಗಲಿ ಎಂದುಕೊಂಡ.

ಆಯಿತು! ದಿನಾ ದೀಪ ಹಚ್ಚುವ ಹೊತ್ತಿಗೆ ಗೋಡೆಯೊಳಗಿಂದ ಯಾರೋ “ಖಾಲಿ ಮಾಡು” ಅನ್ನುತ್ತಾರೆಂದು ಮೇಲಿನವರು ಗಂಟುಮೂಟೆ ಕಟ್ಟಿದರು. ಹೊಸದಾಗಿ ಬಂದವರು ಹಾಲು ಉಕ್ಕಿಸಲು ಇಟ್ಟರೆ ಒಡೆದು ಗಟ್ಟಿಯಾಯಿತು. ಕಡೆಗೆ ಅಮೃತಾಳೇ ಅಲ್ಲಿರಲು ಒಲ್ಲೆನೆಂದಳು. ಉಮಾಪತಿ ಬಂದ ರೇಟಿಗೆ ಮಾರಲು ನಿಂತ.

ಸುಡುವ ಮನೆಯಲ್ಲಿ ಗಳ ಹಿರಿಯುವುದೆಂದರೆ ಇದೇ ನೋಡಿ. ಪ್ರಭುರಾಜ ತಾನಿದ್ದ ಸ್ವಂತ ಮನೆಯನ್ನು ಬ್ಯಾಂಕಿಗೆ ಅಡವಿಟ್ಟು ಉಮಾಪತಿಯ ಮನೆಯನ್ನು ಕೊಳ್ಳಲು ಹೊರಟ.

“ಹಾಸಿಗಿ ಇದ್ದಷ್ಟ ಕಾಲು ಚಾಚ್ರಿ. ಎರಡೂ ಮನಿ ಹೋದ್ರ ನಾವ ಎಲ್ಲಿಗೆ ಹೋಗೂಣು?” ಶೈಲಜಾ ಅಂಗಲಾಚಿದಳು.

“ಬಾಡಿಗಿಯಿಂದನ ಕಂತು ತೀರತೈತಿ. ಅಂಥಾ ಜಾಗಾ ಬಿಟ್ರ ಸಿಗತೈತೇನು? ರಿಸ್ಕ ಎಲ್ಲೈತಿ ತೋರಿಸು!”

ಜಾಗ ತೂಗಿದ, ಸಾಲ ತೂಗಿದ. ದನಿಗಿನಿಯೆಲ್ಲ ಮಂದಿಯ ಭ್ರಮೆ ಎಂದುಕೊಂಡು ದುರುಗವ್ವನ ಮಾತನ್ನು ಮಾತ್ರ ತೂಗಲಿಲ್ಲ. ಸಾಲದ್ದಕ್ಕೆ ತನ್ನ ಹಳೆಯ ಮನೆಯನ್ನು ಉಮಾಪತಿಗೇ ಬಾಡಿಗೆಗೆ ಕೊಟ್ಟ. ಷಡ್ಡಕ ತನ್ನ ಬಾಡಿಗೆಯವನಾಗಬೇಕು, ಪ್ರತಿ ತಿಂಗಳು ಬಂದು ಎದುರಿಗೆ ನಿಲ್ಲಬೇಕು! ಆ ಸುಖದ ಅಮಲಿನಲ್ಲೇ ಶೈಲಜಾಳೊಂದಿಗೆ ಭಾಗ್ಯನಗರದ ಮನೆಯ ಹೊಸ್ತಿಲು ದಾಟಿದ.

ಅವತ್ತೇ ಮುಸ್ಸಂಜೆ ಕರೆಂಟು ಹೋಯಿತು. ಸುಟ್ಟ ಕೂದಲಿನ ನಾತ ಅಡುಗೆಮನೆಯಿಂದ ಪಡಸಾಲೆಗೆ ಬಂತು. ಗೋಡೆ ಪರಚುವ ಸದ್ದು. ಆಮೇಲೆ ಕಿವಿಯ ಹತ್ತಿರವೇ, ತಣ್ಣಗೆ: “ಖಾಲಿ ಮಾಡು.”

ಶೈಲಜಾ ಚಪ್ಪಲಿಯನ್ನೂ ಮೆಟ್ಟದೆ ಅಕ್ಕನಿದ್ದಲ್ಲಿಗೆ ಓಡಿದಳು. ಪ್ರಭುರಾಜ ಹಾರೆ ತಂದ. ಕಲ್ಲು ಎಬ್ಬಿಸಿದ. ಕೈ ಹಾಕಿದ. ಗಂಟಿಲ್ಲ. ಮೊಣಕೈತನಕ ಇಳಿಸಿದ. ಮಣ್ಣು ಬೆಚ್ಚಗಿತ್ತು. ಒಳಗಿನಿಂದ ಏನೋ ಅವನ ಬೆರಳು ಹಿಡಿಯಿತು.

ಕೈ ಕಿತ್ತುಕೊಂಡು ಓಡಿದ. ಗಲ್ಲಿ ದಾಟಿದ. ಹಿಂದೆ ಹೆಜ್ಜೆ ಸದ್ದಿಲ್ಲ. ಆದರೆ ನಾತ ಬಿಡಲಿಲ್ಲ. ಬೆನ್ನ ಮೇಲೆ ಕೂಸು ಹೊತ್ತಂಥ ಭಾರ. ಕುತ್ತಿಗೆಗೆ ಉಸಿರು ತಾಕುತ್ತಿತ್ತು.

ತನ್ನ ಹಳೆಯ ಮನೆಯ ಬಾಗಿಲಲ್ಲಿ ನಿಂತ. ಒಳಗೆ ಕಂದೀಲು ಉರಿಯುತ್ತಿತ್ತು. ಅಮೃತಾ ತಂಗಿಗೆ ನೀರು ಕುಡಿಸುತ್ತಿದ್ದಳು. “ಅಂಜಬ್ಯಾಡವಾ, ನಾ ಅದೇನಿ,” ಎನ್ನುತ್ತಿದ್ದ ಉಮಾಪತಿ ಇವನನ್ನು ಕಂಡು ಎದ್ದ. “ಬಾರಪಾ ತಮ್ಮಾ, ಹೊರಗ್ಯಾಕ ನಿಂತಿ? ನಿಂದ ಮನಿ ಐತಿ.”

ಒಳಗೆ ಕಾಲಿಟ್ಟರೆ ಬೆನ್ನ ಮೇಲಿನದೂ ಬರುತ್ತದೆ. ಅದು ಪ್ರಭುರಾಜನಿಗೆ ಈಗ ಚೆನ್ನಾಗಿ ಗೊತ್ತಿತ್ತು. ತಿರುಗಿ ಹೋಗಬಹುದಿತ್ತು. ಹೆಂಡತಿಯಾದರೂ ಉಳಿಯುತ್ತಿದ್ದಳು. ಆದರೆ ಶೈಲಜಾ ಉಮಾಪತಿಯ ಮುಖ ನೋಡಿ ನಿರಾಳವಾಗಿ ಉಸಿರು ಬಿಟ್ಟಳು. ತನ್ನ ಮುಖ ನೋಡಿ ಅವಳು ಹಾಗೆ ಉಸಿರು ಬಿಟ್ಟದ್ದು ಅವನಿಗೆ ನೆನಪಿರಲಿಲ್ಲ. ತನಗಿಲ್ಲದ್ದು ಉಮಾಪತಿಗೂ ಬೇಡ.

ಒಳಗೆ ಕಾಲಿಟ್ಟ.

ಕಂದೀಲು ಆರಿತು. “ಖಾಲಿ ಮಾಡು.” ಈ ಸಲ ಆ ದನಿ ಹೊರಟದ್ದು ಅವನದೇ ಗಂಟಲಿನಿಂದ. ಬಾಯಿ ಮುಚ್ಚಿಕೊಂಡ. ಬೆರಳ ಸಂದಿಯಿಂದಲೂ ಹೊರಟಿತು. ಪಾತ್ರೆ ಬಿದ್ದವು. ಅಮೃತಾ ಚೀರಿದಳು. ಕತ್ತಲೆಯಲ್ಲಿ ಮೂವರೂ ಅವನನ್ನು ಪಕ್ಕಕ್ಕೆ ತಳ್ಳಿ ಬೀದಿಗೆ ಓಡಿದರು.

ಶೈಲಜಾ ಎಂದು ಕೂಗಲು ಹೋದ. ಬಾಯಲ್ಲಿ ಬಂದದ್ದು ಅದೇ ಎರಡು ಮಾತು. ಅವಳು ಹಿಂದಿರುಗಿ ನೋಡಲಿಲ್ಲ. ಉಮಾಪತಿಯ ತೋಳನ್ನು ಎರಡೂ ಕೈಯಿಂದ ಹಿಡಿದುಕೊಂಡು ಓಡುತ್ತಿದ್ದಳು.