ನಲವತ್ತೊಂದನೆಯ ಗಡಿಯಾರ

ಟಿಕ್-ಟಿಕ್... ಟಿಕ್-ಟಿಕ್...

ರಾತ್ರಿ ಹತ್ತೂಮುಕ್ಕಾಲು. ಸದ್ದು ಬರುತ್ತಿದ್ದುದು ನನ್ನದೇ ಮಣಿಕಟ್ಟಿನಿಂದ.

ನಾನು ನಿಂತಿದ್ದುದು ಆಳೆತ್ತರದ ಗಡಿಯಾರವೊಂದರ ಖಾಲಿ ಪೆಟ್ಟಿಗೆಯೊಳಗೆ. ಯಂತ್ರವನ್ನು ರಿಪೇರಿಗೆಂದು ಬಿಚ್ಚಿ ಮೇಜಿನ ಮೇಲಿಟ್ಟಿದ್ದರು. ಪೆಂಡುಲಮ್ ತೂಗಬೇಕಾದ ಜಾಗದಲ್ಲಿ ನಾನು. ಹೊಟ್ಟೆ ಒಳಗೆಳೆದುಕೊಂಡು, ಉಸಿರು ಬಿಗಿಹಿಡಿದು.

ಮರದ ಬಾಗಿಲಿನ ಸಂದಿಯಲ್ಲಿ ಅವರು ಕಾಣುತ್ತಿದ್ದರು. ವಾಚ್ ರಿಪೇರಿಯ ಯಜಮಾನರು. ವಯಸ್ಸು ಅರವತ್ತೆರಡು. ಒಂದು ಕಣ್ಣಿಗೆ ಭೂತಗನ್ನಡಿ. ಎರಡು ಕಿವಿಯೂ ಪೂರ್ತಿ ಕಿವುಡು... ಹಾಗೆಂದು ಅವರ ಅರ್ಜಿ ಹೇಳುತ್ತಿತ್ತು.

ನಾನು ವಿಮಾ ಕಂಪನಿಯವಳು. ಪಕ್ಕದ ಅಂಗಡಿಯಲ್ಲಿ ಗ್ಯಾಸ್ ಸಿಲಿಂಡರ್ ಸಿಡಿದು ತಮ್ಮ ಕಿವಿ ಹೋಯಿತೆಂದು ಅವರು ಕ್ಲೈಮ್ ಹಾಕಿದ್ದರು. ಡಾಕ್ಟರ ವರದಿಯಲ್ಲಿ ‘ಇರಬಹುದು’ ಎಂದಿತ್ತು. ‘ಇರಬಹುದು’ ಎಂಬ ಪದ ಇರುವ ಕಡೆಗೆಲ್ಲ ಕಂಪನಿ ನನ್ನನ್ನು ಕಳಿಸುತ್ತದೆ.

ಮೂರು ವಾರ ಬೆನ್ನು ಹತ್ತಿದ್ದೆ. ಹೋಟೆಲಿನಲ್ಲಿ ಅವರ ಹಿಂದೆ ಸ್ಟೀಲ್ ತಟ್ಟೆ ಬೀಳಿಸಿದೆ. ಎಲ್ಲರೂ ತಿರುಗಿದರು, ಅವರೊಬ್ಬರನ್ನು ಬಿಟ್ಟು. ನಿನ್ನೆ ಅವರ ಮೊಪೆಡ್ ಹಿಂದೆ ನನ್ನ ಸ್ಕೂಟರ್ ಬಿಟ್ಟೆ. ಇಕ್ಕಟ್ಟಿನ ಓಣಿ. ಹಾರ್ನ್ ಹೊಡೆದೆ... ಹನ್ನೊಂದು ಸಲ. ಮಲಗಿದ್ದ ನಾಯಿ ಎದ್ದು ದಾರಿ ಬಿಟ್ಟಿತು. ಅವರು ಬಿಡಲಿಲ್ಲ. ತಿರುವಿನಲ್ಲಿ ಗೋಡೆಗೆ ಒರಸಿಕೊಂಡು ನಾನೇ ಚರಂಡಿಗೆ ಬಿದ್ದೆ.

ಬಿದ್ದವಳು ಮೊದಲು ನೋಡಿಕೊಂಡದ್ದು ಮೊಣಕಾಲನ್ನಲ್ಲ. ವಾಚನ್ನು.

ಆರು ವರ್ಷ ಪ್ಲಾಸ್ಟಿಕ್ ವಾಚ್ ಕಟ್ಟಿದವಳು ನಾನು. ಒಳ್ಳೆಯದೊಂದನ್ನು ಯಾವಾಗ ಕೊಳ್ಳಬೇಕು ಎಂಬುದೇ ಆರು ವರ್ಷದ ಯೋಚನೆ. ಮೊದಲ ಸಂಬಳಕ್ಕೆ ಎಂದುಕೊಂಡೆ, ತಂಗಿಯ ಕಾಲೇಜು ಫೀಸು ಬಂತು. ಮೂವತ್ತು ತುಂಬಿದಾಗ ಎಂದುಕೊಂಡೆ, ಹಲ್ಲುನೋವು ಬಂತು.

“ಕೆಲಸ ಕಾಯಂ ಆಗ್ಲಿ ಕಣೇ, ಆಮೇಲೆ ತಗೋ,” ಎಂದಳು ಅಮ್ಮ.

“ಜನ ಮೊದಲು ನೋಡೋದು ನಿಮ್ಮ ಕೈ, ಆಮೇಲೆ ಐಡಿ ಕಾರ್ಡು,” ಎಂದರು ಮ್ಯಾನೇಜರ್. “ಈ ಕೇಸ್ ಮುಗಿಸಿ. ಕಾಯಂ ಮಾಡಿಸೋ ಜವಾಬ್ದಾರಿ ನಂದು.”

ಕೇಸು ಮುಗಿದಂತೆಯೇ ಎಂದುಕೊಂಡು ಒಂದು ವಾರ ಮೊದಲೇ ಕೊಂಡುಬಿಟ್ಟೆ. ಬ್ಯಾಟರಿ ಇಲ್ಲದ, ಕೀಲಿ ಕೊಡುವ, ಅಸಲಿ ವಾಚ್. ಆಫೀಸಿನಲ್ಲಿ ಅಂಗಿಯ ತೋಳು ಇಳಿಬಿಟ್ಟು ಅದನ್ನು ಮುಚ್ಚಿಕೊಳ್ಳುತ್ತಿದ್ದೆ. ಮನೆಯಲ್ಲಿ ದಿಂಬಿನ ಪಕ್ಕ ಇಟ್ಟು ಕೇಳುತ್ತಿದ್ದೆ.

ಪ್ಲಾಸ್ಟಿಕ್ ವಾಚಿಗೆ ಒಂದು ಒಳ್ಳೆಯ ಗುಣವಿತ್ತು. ಅದಕ್ಕೆ ಬಾಯಿರಲಿಲ್ಲ.

ಆದರೂ ನಾನು ಯೋಚಿಸದೆ ಒಳಹೊಕ್ಕವಳಲ್ಲ. ಅಂಗಡಿಯಲ್ಲಿ ನಲವತ್ತು ಗಡಿಯಾರಗಳು ಓಡುತ್ತಿದ್ದವು. ಆ ಗದ್ದಲದಲ್ಲಿ ನನ್ನದು ಯಾರಿಗೆ ಕೇಳಿಸೀತು? ಯಜಮಾನರು ಮುಂದೆ ಷಟರ್ ಎಳೆಯುವಾಗ ಹಿಂಬಾಗಿಲಿನಿಂದ ನುಸುಳಿದ್ದೆ. ಷಟರ್ ಹಾಕಿದ ಮೇಲೆ ಹನ್ನೊಂದರವರೆಗೆ ಅವರು ಒಬ್ಬರೇ ಕೂರುತ್ತಾರೆ. ಒಬ್ಬರೇ ಇದ್ದಾಗ ಯಾರೂ ಕಿವುಡರಾಗಿ ಇರಬೇಕಿಲ್ಲ. ಫೋನ್ ಬಂದರೆ ಎತ್ತುತ್ತಾರೆ... ನನ್ನ ಜೇಬಿನಲ್ಲಿ ರೆಕಾರ್ಡಿಂಗ್ ಓಡುತ್ತಿತ್ತು.

ಹೀಗೆ ನುಗ್ಗಿದ್ದು ಕಂಪನಿಗೆ ಗೊತ್ತಾದರೆ ವಜಾ. ನುಗ್ಗದಿದ್ದರೂ ಹೆಚ್ಚುಕಡಿಮೆ ಅದೇ. ಬೆಳಗಾದರೆ ಅವರ ಕ್ಲೈಮಿಗೆ ಸಹಿ ಬೀಳುತ್ತಿತ್ತು. ನನ್ನ ಕುರ್ಚಿಗೆ ಬೇರೆಯವರು ಬರುತ್ತಿದ್ದರು.

ಯಜಮಾನರ ಚಿಮಟ ಗಾಳಿಯಲ್ಲಿ ನಿಂತಿತು.

ತಲೆ ಎತ್ತಿದರು. ಕತ್ತು ಓರೆ ಮಾಡಿದರು. ಭೂತಗನ್ನಡಿ ತೆಗೆದು ಕೆಳಗಿಟ್ಟರು. ಮೇಜಿನ ಮೇಲಿದ್ದ ಹಿತ್ತಾಳೆಯ ಪೆಂಡುಲಮ್ ಕೈಗೆತ್ತಿಕೊಂಡರು. ತಲೆಗೆ ಬಿದ್ದರೆ ಒಂದೇ ಏಟು ಸಾಕು.

ಹೆಜ್ಜೆ... ಹೆಜ್ಜೆ... ನೇರ ನನ್ನ ಕಡೆಗೆ.

ಠಕ್. ಹೊರಗಿನಿಂದ ಚಿಲಕ ಬಿತ್ತು.

“ಕೈ ಸ್ವಲ್ಪ ಮೇಲೆತ್ತಿ,” ಎಂದರು ಬಾಗಿಲಿಗೆ.

ನಾನು ಅಲುಗಲಿಲ್ಲ.

“ಎತ್ತಿ ಮೇಡಂ. ವಾಚ್ ಮುಖ ಮೇಲಕ್ಕೆ.”

ಎತ್ತಿದೆ. ನನ್ನ ಬೆವರು ಕಣ್ಣಿಗಿಳಿಯಿತು.

“ಹೂಂ... ಈಗ ಕೀಲಿ ಕೆಳಕ್ಕೆ... ಹಾಂ, ಅದೇ. ಕುಂಟ್ತಿದೆ.”

“ಏನು?”

“ವಾಚು. ಒಂದು ಕಾಲು ಉದ್ದ, ಒಂದು ಕಾಲು ಗಿಡ್ಡ. ನಲವತ್ತರ ಮಧ್ಯೆ ಹೀಗೊಂದು ಸೇರಿಕೊಂಡ್ರೆ ಕೆಲಸ ಹೇಗಮ್ಮ ಮಾಡ್ಲಿ?”

“ಯಜಮಾನ್ರೇ, ನಿಮಗೆ ಕಿವಿ ಕೇಳಿಸತ್ತೆ.”

“ತಟ್ಟೆ ಬೀಳಿಸಿದ್ರಿ, ತಡ್ಕೊಂಡೆ. ಹನ್ನೊಂದು ಹಾರ್ನ್ ಹೊಡೆದ್ರಿ, ತಡ್ಕೊಂಡೆ. ನೀವು ಬಿದ್ದಾಗ ವಾಚ್ ಗೋಡೆಗೆ ತಗುಲ್ತಲ್ಲ... ಆಗ ತಿರುಗಿ ನೋಡದೇ ಹೋಗೋಕೆ ಹಲ್ಲು ಕಚ್ಚಬೇಕಾಯ್ತು. ಮನುಷ್ಯರು ಬಿದ್ರೆ ಏಳ್ತಾರೆ. ವಾಚ್ ಏಳಲ್ಲ.”

“ಬಾಗಿಲು ತೆಗೀರಿ. ಎಲ್ಲ ರೆಕಾರ್ಡ್ ಆಗಿದೆ.”

ಒಂದು ಕ್ಷಣ ನಲವತ್ತು ಗಡಿಯಾರಗಳು ಮಾತ್ರ ಮಾತಾಡಿದವು. ನನ್ನದು ಕುಂಟುತ್ತಾ ಹಿಂದೆ ಬಂತು.

“ಹಿಂಬಾಗಿಲಿಂದ ಕದ್ದು ನುಗ್ಗಿದ್ದೂ ರೆಕಾರ್ಡ್ ಆಗಿದೆಯಾ?”

ಫೋನಿದ್ದ ಜೇಬನ್ನು ಕೈಯಿಂದ ಮುಚ್ಚಿಕೊಂಡೆ.

“ನಾನು ಬೀಗ ಹಾಕಿ ಮನೆಗೆ ಹೋದ್ರೆ ನಾನಾಗೇ ಬಂದು ತೆಗೆಯೋವರೆಗೂ ಯಾರೂ ಈ ಕಡೆ ಬರಲ್ಲ,” ಎಂದರು. ಪೆಂಡುಲಮ್ ಬಾಗಿಲಿಗೆ ಮೆಲ್ಲಗೆ ತಟ್ಟಿತು. “ನೀವು ಕಿರುಚಬಹುದು. ನಾನಂತೂ ಕಿವುಡ.”

“ಹೋಗಿ. ವಾಚ್ ಕುಂಟ್ತಾನೇ ಇರತ್ತೆ. ಈಗಷ್ಟೇ ಕೀಲಿ ಕೊಟ್ಟಿದೀನಿ.”

ಗೊಣಗಾಟ... ಚಿಲಕ ಸರಿಯಿತು.

ಹೊರಬಂದವಳ ಮುಖವನ್ನು ಅವರು ನೋಡಲೇ ಇಲ್ಲ. ಅಂಗೈ ಚಾಚಿದರು. ನಾನು ಎರಡು ಹೆಜ್ಜೆ ದೂರದಿಂದ ವಾಚ್ ಬಿಚ್ಚಿ ಕೊಟ್ಟೆ. ಪೆಂಡುಲಮ್ ಮೇಜು ಸೇರಿತು, ಭೂತಗನ್ನಡಿ ಕಣ್ಣೇರಿತು. ಹಿಂಬದಿಯ ಮುಚ್ಚಳ ತೆರೆದು ಕೂದಲಿನಂಥದ್ದೇನನ್ನೋ ಚೂರೇ ಚೂರು ಸರಿಸಿದರು. ಮೇಜಿಗೆ ಕಿವಿಯಾನಿಸಿದರು. ಮತ್ತೆ ಸರಿಸಿದರು.

“ನಾಲ್ಕು ತಿಂಗಳಲ್ಲಿ ಕೀಲಿ ವಾಚ್ ತಂದ ಮೊದಲ ಗಿರಾಕಿ ನೀವು,” ಎಂದರು. “ಅದೂ ಪೆಟ್ಟಿಗೆ ಒಳಗೆ. ಎಲ್ಲರೂ ಫೋನ್ ನೋಡ್ಕೋತಾರೆ. ಇನ್ನೇನು ಮಾಡ್ಲಿ, ಕಿವಿ ಮಾರೋಕೆ ಹೋದೆ.”

“ಕ್ಲೈಮ್ ವಾಪಸ್ ತಗೊಳ್ಳಿ. ಇಲ್ಲಾಂದ್ರೆ ರೆಕಾರ್ಡಿಂಗ್ ಹೋಗತ್ತೆ.”

“ನಿಮ್ಮ ಕೆಲಸ?”

“ಅದೂ ಹೋಗತ್ತೆ.”

“ಜೈಲಿಗೆ ಒಟ್ಟಿಗೇ ಹೋಗೋಣ ಅಂತೀರಿ.”

“ನಿಮ್ಮದು ಕಿವುಡರ ಸೆಲ್. ಬೇರೆ ಇರತ್ತೆ.”

ಅವರು ನಕ್ಕರು. ಕೈ ಮಾತ್ರ ಕೆಲಸ ಬಿಡಲಿಲ್ಲ.

ಮುಚ್ಚಳ ಹಾಕಿ ವಾಚನ್ನು ನನ್ನ ಕಿವಿಗೆ ಹಿಡಿದರು. ಟಿಕ್. ಟಿಕ್. ಟಿಕ್. ಸಮ. ಕೊಂಡ ದಿನವೂ ಅಷ್ಟು ಚಂದ ನಡೆದಿರಲಿಲ್ಲ.

“ಮೊದಲನೇ ಒಳ್ಳೆ ವಾಚಾ?”

“ಹೂಂ. ಕಾಯಂ ಆದ್ಮೇಲೆ ತಗೋಬೇಕಿತ್ತು. ಅವಸರ ಮಾಡ್ದೆ.”

“ಕಾಯಂಗೂ ವಾಚಿಗೂ ಏನಮ್ಮ ಸಂಬಂಧ? ಪೆಟ್ಟಿಗೆಯೊಳಗೆ ಅಡಗೋ ಕೆಲಸ ಬಿಟ್ಟ ಮೇಲೆ ತಗೋಬೇಕು.”

ಫೋನ್ ತೆಗೆದೆ. ಅವರ ಕಣ್ಣೆದುರಿಗೇ ಹಿಡಿದೆ. ಅಳಿಸಲಿಲ್ಲ. “ನಾಳೆ ಹತ್ತು ಗಂಟೆಗೆ ನಿಮ್ಮ ಪತ್ರ ಬಂದ್ರೆ ಅಳಿಸ್ತೀನಿ.”

“ನಂಬಬಹುದಾ?”

“ಸಮಯಕ್ಕೆ ಸರಿಯಾಗಿ ಬನ್ನಿ. ನನ್ನ ವಾಚ್ ಈಗ ಸರಿಯಿದೆ.”

ಹತ್ತಕ್ಕೆ ಎರಡು ನಿಮಿಷ ಇರುವಾಗ ಪತ್ರ ಬಂತು. ಸುಂದರವಾದ ಕೈಬರಹ. ‘ಇಂದು ಬೆಳಿಗ್ಗೆ ಆರು ಗಂಟೆ ಹನ್ನೆರಡು ನಿಮಿಷಕ್ಕೆ ನನ್ನ ಎರಡೂ ಕಿವಿಗಳು ತಾವಾಗಿ ಸರಿಹೋಗಿರುವುದರಿಂದ ಕ್ಲೈಮನ್ನು ಹಿಂದಕ್ಕೆ ಪಡೆಯುತ್ತಿದ್ದೇನೆ.’ ಶೌಚಾಲಯಕ್ಕೆ ಹೋಗಿ ರೆಕಾರ್ಡಿಂಗ್ ಅಳಿಸಿದೆ.

ಮ್ಯಾನೇಜರ್ ಪತ್ರವನ್ನು ಮೂರು ಸಲ ಓದಿದರು. “ಏನ್ ಮಾಡಿದ್ರಿ ಇವ್ರೇ?”

“ತಾಳ್ಮೆಯಿಂದ ಕಾದೆ, ಸರ್.”

ಮಧ್ಯಾಹ್ನ ಕಾಯಂ ಆದೇಶ ಕೈಗೆ ಬಂತು. ಅದನ್ನು ಪಡೆಯುವಾಗ ಅಂಗಿಯ ತೋಳು ಮೇಲೆ ಸರಿದು ವಾಚ್ ಕಂಡಿತು.

“ಓ... ಆಗಲೇ ತಗೊಂಡ್ರಾ? ಸರಿಯಾದ ಟೈಮಿಗೆ ತಗೊಂಡಿದೀರಿ ಬಿಡಿ,” ಎಂದರು ಮ್ಯಾನೇಜರ್.

ಸಂಜೆ ಅಮ್ಮನೂ ಅದನ್ನೇ ಹೇಳಿದಳು. ನಡೆದದ್ದನ್ನು ಅಮ್ಮನಿಗೂ ಹೇಳುವುದಿಲ್ಲ, ಯಾರಿಗೂ ಹೇಳುವುದಿಲ್ಲ ಎಂದು ಆಗಲೇ ತೀರ್ಮಾನಿಸಿದೆ.

ಆ ಪೆಟ್ಟಿಗೆಯ ಸಂಗತಿ ಬಲ್ಲವರು ಇಬ್ಬರೇ. ಒಬ್ಬಳು ಬಾಯಿ ಬಿಡುವುದಿಲ್ಲ. ಇನ್ನೊಬ್ಬರಿಗೆ, ಕಂಪನಿಯ ಕಡತದ ಪ್ರಕಾರ, ಬೆಳಿಗ್ಗೆ ಆರೂ ಹನ್ನೆರಡರವರೆಗೆ ಏನೂ ಕೇಳಿಸುತ್ತಿರಲಿಲ್ಲ.